ಗುಡವಿಯ ಬೆಳ್ಳಕ್ಕಿಗೆ ಯಾವ ಬಣ್ಣ?
ವನ್ಯಜೀವಿ ಛಾಯಾಗ್ರಹಣದಲ್ಲಿ ಕಪ್ಪು-ಬಿಳುಪು ಮತ್ತು ವರ್ಣ: ಒಂದು ಚಾರಿತ್ರಿಕ ನೋಟ



ಈ ಕಂತಿನ ಮಾತುಕತೆಯಲ್ಲಿ ಸಮಯದ ಅಭಾವದಿಂದ ಹೇಳಲಾಗದೆ ಉಳಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ನಮ್ಮ ತಂಡ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಚಿತ್ರೀಕರಣ ಮಾಡಿತ್ತು. ಮೂರು ದಿನ ಬಿಸಿಲೇ ಇಲ್ಲ. ಆಕಾಶ, ಕೆರೆಯ ನೀರು, ನೀರಿನಲ್ಲಿ ನಿಂತ ಮರಗಳು, ಎಲ್ಲವೂ ಒಂದೇ ಬೂದು. ಊರಿಗೆ ಮರಳಿ ಸಂಕಲನದ ಕೋಣೆಯಲ್ಲಿ ಕುಳಿತಾಗ ನನಗೊಂದು ಯೋಚನೆ ಹೊಳೆಯಿತು. ಹೇಗೂ ಬಣ್ಣವೇ ಇಲ್ಲದ ದೃಶ್ಯ. ಇದನ್ನು ಪೂರ್ತಿ ಕಪ್ಪು-ಬಿಳುಪು ಮಾಡಿದರೆ ಮಳೆಗಾಲದ ಗಾಂಭೀರ್ಯ ಬರುತ್ತದೆ ಎಂದುಕೊಂಡೆ. ಒಂದು ಗುಂಡಿ ಒತ್ತಿದೆ, ಬಣ್ಣ ಹೋಯಿತು. ನೋಡಿದವರೆಲ್ಲ ಚೆನ್ನಾಗಿದೆ ಎಂದರು.

ಕಾರ್ಯಕ್ರಮ ಪ್ರಸಾರವಾದ ವಾರದೊಳಗೆ ಒಬ್ಬ ಕಾಲೇಜು ವಿದ್ಯಾರ್ಥಿನಿಯಿಂದ ಪತ್ರ ಬಂತು. ಪತ್ರದಲ್ಲಿದ್ದದ್ದು ಒಂದೇ ಪ್ರಶ್ನೆ. ‘ಗೋವಕ್ಕಿಯ ತಲೆ, ಕತ್ತು ಮತ್ತು ಬೆನ್ನಿನ ಮೇಲೆ ಕಿತ್ತಳೆ ಬಣ್ಣದ ಗರಿಗಳು ಮೂಡಿವೆ, ಇದು ಗೂಡು ಕಟ್ಟುವ ಕಾಲದ ಗುರುತು ಎಂದು ನಿಮ್ಮ ನಿರೂಪಕರು ಹೇಳಿದರು. ಆದರೆ ಆ ಕಿತ್ತಳೆ ಬಣ್ಣ ಎಲ್ಲಿದೆ?’

ಎಲ್ಲಿಯೂ ಇರಲಿಲ್ಲ. ನಾನೇ ಅಳಿಸಿಹಾಕಿದ್ದೆ. ಪರದೆಯ ಮೇಲೆ ಕಾಣುತ್ತಿದ್ದುದು ನೆರಳು ಬಿದ್ದಂತಿರುವ ಒಂದು ಬಿಳಿ ಹಕ್ಕಿ ಮಾತ್ರ. ಚಿತ್ರ ಒಂದು ಮಾತು ಹೇಳುತ್ತಿತ್ತು, ಧ್ವನಿ ಇನ್ನೊಂದು. ಹಕ್ಕಿಗಳು ಗುಡವಿಗೆ ಬರುವುದೇ ಸಂತಾನೋತ್ಪತ್ತಿಗಾಗಿ. ಅದಕ್ಕೆ ಸಾಕ್ಷಿಯಾಗಬೇಕಿದ್ದ ಗುರುತನ್ನೇ ತೆಗೆದು ಗುಡವಿಯ ಬಗ್ಗೆ ಕಾರ್ಯಕ್ರಮ ಮಾಡಿದ್ದೆ! ಆ ಪತ್ರವೇ ಈ ಲೇಖನಕ್ಕೆ ಕಾರಣ. ಬಣ್ಣವೋ, ಕಪ್ಪು-ಬಿಳುಪೋ ಎಂಬ ಪ್ರಶ್ನೆ ಬರಿಯ ಅಭಿರುಚಿಯದಲ್ಲ. ಅದಕ್ಕೊಂದು ಚರಿತ್ರೆ ಇದೆ, ಅದರ ಹಿಂದೆ ವಿಜ್ಞಾನವಿದೆ.

ಬೇಟೆಯ ಊರು, ಕೆತ್ತನೆಯ ಊರು

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನ ಈ ನಾಡಿನಲ್ಲಿ ಕೆರೆಗಳು ಹೇರಳ. ಶಿಕಾರಿಪುರದ ಹಳೆಯ ಹೆಸರು ಮಳಿಯನಹಳ್ಳಿ. ಕೆಳದಿಯ ಅರಸರ ಕಾಲಕ್ಕೆ ಅದು ಮಹಾದಾನಪುರವಾಯಿತು. ಹೈದರನೋ ಟಿಪ್ಪುವೋ ಇಲ್ಲಿ ಬೇಟೆಯಾಡಿ, ಪ್ರಾಣಿಗಳ ಸಮೃದ್ಧಿ ಕಂಡು, ಶಿಕಾರಿಪುರ ಎಂದು ಕರೆದರೆಂಬ ಹೇಳಿಕೆಯನ್ನು ಹಳೆಯ ಗ್ಯಾಸೆಟಿಯರ್ ದಾಖಲಿಸಿದೆ. ಬೇಟೆಯ ನೆನಪನ್ನು ಹೆಸರಿನಲ್ಲೇ ಹೊತ್ತ ಊರು ಇದು.

ಇದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಆ ಶಿಲ್ಪಿಗೆ ಬಣ್ಣದ ನೆರವಿರಲಿಲ್ಲ. ಕಲ್ಲಿನ ಉಬ್ಬು, ತಗ್ಗು, ಅದರ ಮೇಲೆ ಬೀಳುವ ಬಿಸಿಲು, ಇಷ್ಟರಲ್ಲೇ ಹಕ್ಕಿಯ ಕ್ರೌರ್ಯ ಕಾಣಬೇಕು. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯಲ್ಲೂ ಹಾಗೆಯೇ. ಒಂದೇ ಬಣ್ಣದ ಮರದಲ್ಲಿ ಬಳ್ಳಿ, ಆನೆ, ನವಿಲು ಎದ್ದು ಬರುತ್ತವೆ. ನವಿಲಿಗೆ ನೀಲಿ ಇಲ್ಲವೆಂದು ನಾವು ಯಾರೂ ದೂರುವುದಿಲ್ಲ. ಬಣ್ಣವಿಲ್ಲದೆಯೂ ಆಕಾರದಿಂದಲೇ ಜೀವಿಯನ್ನು ಗುರುತಿಸುವ ಅಭ್ಯಾಸ ನಮ್ಮ ಕಣ್ಣಿಗೆ ಕ್ಯಾಮೆರಾ ಬರುವುದಕ್ಕೆ ಬಹಳ ಮೊದಲೇ ಆಗಿತ್ತು ಎಂಬುದನ್ನು ನೆನಪಿಡಿ.

ಗುಡವಿ ಇರುವುದು ಸೊರಬದಿಂದ ಬನವಾಸಿಯ ಕಡೆಗೆ ಸುಮಾರು 15 ಕಿಲೋಮೀಟರ್ ದೂರದಲ್ಲಿ. ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿನಷ್ಟು. ಪಕ್ಷಿಧಾಮವೆಂದು ಘೋಷಣೆಯಾದದ್ದು 1989ರಲ್ಲಿ. ಮಳೆಗಾಲದಲ್ಲಿ ಕೆರೆ ತುಂಬಿ ಮರಗಳ ಬುಡಕ್ಕೆ ನೀರು ಬರುತ್ತದೆ. ಆ ನೀರೇ ಗೂಡುಗಳಿಗೆ ಕಾವಲು. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಇರುಳು ಬಕ ಮುಂತಾದವು ಇಲ್ಲಿ ಸೇರುತ್ತವೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬಿಳಿ ಕೆಂಬರಲಿನ ಮೈ ಬಿಳಿ, ತಲೆ ಕಪ್ಪು. ಬೆಳ್ಳಕ್ಕಿ ಬಿಳಿ. ನೀರುಕಾಗೆ ಕಪ್ಪು. ಪ್ರಕೃತಿಯೇ ಕಪ್ಪು-ಬಿಳುಪು ಛಾಯಾಗ್ರಾಹಕರಿಗಾಗಿ ನಿರ್ಮಿಸಿದ ಊರು ಎನಿಸುವುದಿಲ್ಲವೇ? ನಾನು ಮೋಸಹೋದದ್ದು ಇಲ್ಲಿಯೇ.

ಆಯ್ಕೆಯೇ ಇಲ್ಲದ ಕಾಲ

ವನ್ಯಜೀವಿ ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಬಣ್ಣವೋ ಅಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. 1906ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಅಮೆರಿಕದ ಜಾರ್ಜ್ ಶೈರಾಸ್ ರಾತ್ರಿ ಹೊತ್ತು ಫ್ಲ್ಯಾಷ್ ಬೆಳಕಿನಲ್ಲಿ ತೆಗೆದ ಜಿಂಕೆಗಳ ಚಿತ್ರಗಳು ಅಚ್ಚಾದವು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ, ಹುಲಿಯೇ ತಂತಿಯನ್ನು ಮೆಟ್ಟಿ ತನ್ನ ಚಿತ್ರ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದರು. ಅವರ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಕೋವಿಯ ಬದಲು ಕ್ಯಾಮೆರಾ ಹಿಡಿಯಿರಿ ಎಂದು ಹೇಳಿದ ಆ ಚಿತ್ರಗಳೆಲ್ಲ ಕಪ್ಪು-ಬಿಳುಪಿನವು.

ಕಪ್ಪು-ಬಿಳುಪು ಎಂದರೆ ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ. ನೀಲಿ ಮಾತ್ರ ಅತಿಯಾಗಿ ಕಾಣುತ್ತಿತ್ತು. ಹೀಗಾಗಿ ನೀಲಿ ಆಕಾಶ ಬೆಳ್ಳಗೆ, ಕೆಂಪು ಹೂವು ಕಪ್ಪಗೆ ಬರುತ್ತಿತ್ತು. ಮುಂದೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದಿತು. ಲೆನ್ಸಿನ ಮುಂದೆ ಹಳದಿ ಗಾಜು ಇಟ್ಟರೆ ಆಕಾಶ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಕಾಣುತ್ತಿತ್ತು. ಕೆಂಪು ಗಾಜು ಇಟ್ಟರೆ ನೀಲಿ ಆಕಾಶ ಇನ್ನಷ್ಟು ಕಪ್ಪು. ಅಂದರೆ ಯಾವ ಬಣ್ಣ ಯಾವ ಬೂದಾಗಬೇಕು ಎಂಬುದನ್ನು ಛಾಯಾಗ್ರಾಹಕರು ಆಗಲೂ ನಿರ್ಧರಿಸುತ್ತಿದ್ದರು. ‘ಕ್ಯಾಮೆರಾ ಸುಳ್ಳು ಹೇಳುವುದಿಲ್ಲ’ ಎಂಬ ಮಾತನ್ನು ಅಂದೇ ಸ್ವಲ್ಪ ತಿದ್ದಬೇಕಿತ್ತು.

ಬಣ್ಣ ಬಂತು, ಆದರೆ ಕಾಡಿಗೆ ಬರಲು ತಡವಾಯಿತು

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ಹೆಸರನ್ನು ನೀವು ಭೌತಶಾಸ್ತ್ರದಲ್ಲಿ ಕೇಳಿದ್ದೀರಿ. 1861ರಲ್ಲಿ ಅವರು ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಒಂದರ ಮೇಲೊಂದು ಬೆಳಗಿಸಿ, ಒಂದು ರಿಬ್ಬನ್ನಿನ ವರ್ಣಚಿತ್ರವನ್ನು ತೋರಿಸಿದರು. ಫ್ರಾನ್ಸಿನ ಲೂಮಿಯೇರ್ ಸೋದರರ ಆಟೊಕ್ರೋಮ್ ಫಲಕ 1907ರಲ್ಲಿ ಮಾರುಕಟ್ಟೆಗೆ ಬಂದಿತು. 1935ರಲ್ಲಿ ಕೊಡ್ಯಾಕ್ರೋಮ್ ಬಂದಿತು.

ಹಾಗಾದರೆ ಅಲ್ಲಿಂದ ಮುಂದೆ ವನ್ಯಜೀವಿ ಚಿತ್ರಗಳೆಲ್ಲ ಬಣ್ಣದವೇ ಏಕಾಗಲಿಲ್ಲ? ಉತ್ತರ ಬೆಳಕಿನ ಲೆಕ್ಕದಲ್ಲಿದೆ. ಫಿಲ್ಮಿನ ಸಂವೇದನೆಯನ್ನು ಒಂದು ಅಂಕಿಯಲ್ಲಿ ಹೇಳುತ್ತಿದ್ದರು. ಬಹುಕಾಲ ಬಳಕೆಯಲ್ಲಿದ್ದ ಒಂದು ಬಗೆಯ ಕೊಡ್ಯಾಕ್ರೋಮಿನ ಅಂಕಿ 64. ಸಾಮಾನ್ಯವಾದ ವೇಗದ ಕಪ್ಪು-ಬಿಳುಪು ಫಿಲ್ಮಿನದು 400. ಅಂದರೆ ಎರಡನೆಯದಕ್ಕೆ ಆರರಲ್ಲಿ ಒಂದು ಪಾಲು ಬೆಳಕು ಸಾಕು. ಗುಡವಿಯ ಮೋಡದ ಬೆಳಗನ್ನು ಕಲ್ಪಿಸಿಕೊಳ್ಳಿ. 400ರ ಫಿಲ್ಮಿನಲ್ಲಿ ಸೆಕೆಂಡಿನ 250ರಲ್ಲಿ ಒಂದು ಭಾಗದಷ್ಟು ಹೊತ್ತು ಕವಾಟ ತೆರೆದರೆ ಚಿತ್ರ ಮೂಡುತ್ತದೆ ಎಂದಿಟ್ಟುಕೊಳ್ಳೋಣ. 64ರ ಫಿಲ್ಮಿಗೆ ಅದು ಸೆಕೆಂಡಿನ 40ರಲ್ಲಿ ಒಂದು ಭಾಗವಾಗಬೇಕು. ಅಷ್ಟರಲ್ಲಿ ಹಾರುವ ಕೆಂಬರಲಿನ ರೆಕ್ಕೆ ಕದಡಿ ಮಂಜಾಗಿರುತ್ತದೆ. ಬಣ್ಣ ಸಿಗುತ್ತದೆ, ಹಕ್ಕಿ ಸಿಗುವುದಿಲ್ಲ!

ಎರಡನೆಯ ತೊಡಕು ಬಿಳಿ ಹಕ್ಕಿಯದೇ. ಬಣ್ಣದ ಸ್ಲೈಡ್ ಫಿಲ್ಮಿನಲ್ಲಿ ಬೆಳಕಿನ ಅಂದಾಜು ತುಸು ತಪ್ಪಿದರೂ ಬೆಳ್ಳಕ್ಕಿಯ ಗರಿಗಳ ಎಳೆಗಳೆಲ್ಲ ಅಳಿಸಿ, ಸುಣ್ಣ ಬಳಿದಂತೆ ಕಾಣುತ್ತಿತ್ತು. ಕಪ್ಪು-ಬಿಳುಪು ಅಷ್ಟು ನಿಷ್ಠುರವಲ್ಲ. ತಪ್ಪಿದ್ದನ್ನು ಕತ್ತಲೆಕೋಣೆಯಲ್ಲಿ, ಮುದ್ರಿಸುವಾಗ, ಒಂದು ಮಟ್ಟಿಗೆ ಸರಿಪಡಿಸಬಹುದಿತ್ತು. ಮೂರನೆಯದು ಹಣ ಮತ್ತು ಅಚ್ಚು. ನಮ್ಮ ಪತ್ರಿಕೆಗಳ ಒಳಪುಟಗಳು ಬಹುಕಾಲ ಒಂದೇ ಮಸಿಯಲ್ಲಿ ಅಚ್ಚಾಗುತ್ತಿದ್ದವು. ಕಪ್ಪು-ಬಿಳುಪು ಫಿಲ್ಮು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಎಂಬ ಹೆಸರಿನಲ್ಲಿ ಬರುತ್ತಿತ್ತು. ನಮ್ಮ ಊರುಗಳ ಸ್ಟುಡಿಯೋಗಳಿಗೆ ಅದು ಪರಿಚಿತ ಹೆಸರು.

ಕನ್ನಡ ನಾಡಿನ ಕತ್ತಲೆಕೋಣೆಗಳು

ಇಂಥ ಕಾಲದಲ್ಲಿ ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣದ ಒಂದು ಪರಂಪರೆಯೇ ಬೆಳೆಯಿತು. ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಇವರೆಲ್ಲ ದೇಶದ ಹೊರಗೂ ಹೆಸರಾದವರು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಘೋರ್ಪಡೆಯವರು ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾಗಿದ್ದರು. 1983ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕದ ಹೆಸರಿಗೆ ‘ಬಿಸಿಲು ಮತ್ತು ನೆರಳುಗಳು’ ಎಂಬ ಅರ್ಥವಿದೆ. ಕಪ್ಪು-ಬಿಳುಪಿನಲ್ಲಿ ಕೆಲಸ ಮಾಡುವವರ ಕೈಯಲ್ಲಿ ಇರುವುದು ಆ ಎರಡೇ ತಾನೆ? 2017ರಲ್ಲಿ ತೀರಿಕೊಂಡ ಪೆರುಮಾಳ್ ಅವರು ರಾತ್ರಿಯ ಪ್ರಾಣಿ-ಪಕ್ಷಿಗಳ ಚಿತ್ರಗಳಿಗೆ ಪ್ರಸಿದ್ಧರು. ಹಲವು ಕಿರಿಯರಿಗೆ ಗುರುವಾದವರು.

ಆ ತಲೆಮಾರಿನವರು ಎರಡೂ ಬಗೆಯ ಫಿಲ್ಮುಗಳನ್ನು ಕಂಡವರು. ಛಾಯಾಚಿತ್ರ ಸ್ಪರ್ಧೆಗಳಲ್ಲೂ ಕಪ್ಪು-ಬಿಳುಪು ಮುದ್ರಣಕ್ಕೆ ಒಂದು ವಿಭಾಗ, ಬಣ್ಣದ ಸ್ಲೈಡಿಗೆ ಇನ್ನೊಂದು ವಿಭಾಗ ಇರುತ್ತಿದ್ದವು. ಮುಖ್ಯ ಸಂಗತಿ ಎಂದರೆ, ಅವರ ಆಯ್ಕೆ ಚಿತ್ರ ತೆಗೆಯುವ ಮೊದಲೇ ಮುಗಿದಿರುತ್ತಿತ್ತು. ಕ್ಯಾಮೆರಾದೊಳಗೆ ಯಾವ ಸುರುಳಿ ಹಾಕಿದ್ದೀರೋ ಅದೇ. ಕಪ್ಪು-ಬಿಳುಪು ಸುರುಳಿ ಹಾಕಿಕೊಂಡು ಮರೆಯಲ್ಲಿ ಕುಳಿತಾಗ ಎದುರಿಗೆ ಮಿಂಚುಳ್ಳಿ ಬಂದು ಕೂತರೆ ಏನು ಮಾಡುವುದು? ನೀಲಿಯನ್ನು ಮರೆತು ಆಕಾರವನ್ನು, ನಿಲುವನ್ನು, ಕೊಕ್ಕಿನ ತುದಿಯ ಮೀನಿನ ಹೊಳಪನ್ನು ಹುಡುಕುವುದು. ಆ ಕಟ್ಟುಪಾಡೇ ಅವರಿಗೆ ಬೆಳಕನ್ನು ಓದುವುದನ್ನು ಕಲಿಸಿತು.

ಒಂದು ಸಂಕೇತ, ಎರಡು ಚಿತ್ರ

ಈಗ ನನ್ನ ವೃತ್ತಿಯ ಕಡೆಯಿಂದ ಒಂದು ಉದಾಹರಣೆ. 1982ರಲ್ಲಿ, ಸ್ವಾತಂತ್ರ್ಯ ದಿನದ ಹೊತ್ತಿಗೆ, ದೂರದರ್ಶನ ಬಣ್ಣದ ಪ್ರಸಾರಕ್ಕೆ ಕಾಲಿಟ್ಟಿತು. ಆದರೆ ಆಗ ಮನೆಗಳಲ್ಲಿದ್ದುದು ಹೆಚ್ಚಾಗಿ ಕಪ್ಪು-ಬಿಳುಪು ಪೆಟ್ಟಿಗೆಗಳೇ. ಒಂದೇ ಪ್ರಸಾರ ಎರಡೂ ಬಗೆಯ ಪೆಟ್ಟಿಗೆಗಳಲ್ಲಿ ಸರಿಯಾಗಿ ಕಾಣಬೇಕು. ಇದಕ್ಕೆ ತಂತ್ರಜ್ಞರು ಮೊದಲೇ ಒಂದು ಸೂತ್ರ ಕಂಡುಕೊಂಡಿದ್ದರು. ಕೆಂಪಿನ ಶೇಕಡಾ 30, ಹಸಿರಿನ ಶೇಕಡಾ 59, ನೀಲಿಯ ಶೇಕಡಾ 11 ಕೂಡಿಸಿದರೆ ಆ ಬಿಂದುವಿನ ಬೂದು ಮಟ್ಟ ಸಿಗುತ್ತದೆ. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಉಜ್ವಲ, ನೀಲಿ ಬಹಳ ಮಂದ. ಸೂತ್ರ ಹುಟ್ಟಿದ್ದು ನಮ್ಮ ಕಣ್ಣಿನ ಗುಣದಿಂದ.

ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. ಪೂರ್ಣ ಪ್ರಖರ ಕೆಂಪಿನ ಬೂದು ಮಟ್ಟ 30. ಅರ್ಧಕ್ಕಿಂತ ಕೊಂಚ ಹೆಚ್ಚು, ಅಂದರೆ ಶೇಕಡಾ 51ರಷ್ಟು ಪ್ರಖರವಾದ ಹಸಿರಿನ ಬೂದು ಮಟ್ಟವೂ 30. ಒಂದು ಹಣ್ಣು ಕೆಂಪು, ಅದರ ಹಿಂದಿನ ಎಲೆ ಹಸಿರು. ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು, ಹಣ್ಣು ಮಾಯ! ಗೋವಕ್ಕಿಯ ಕಿತ್ತಳೆ ಗರಿಗೆ ಆದದ್ದೂ ಇದೇ. ತಿಳಿ ಕಿತ್ತಳೆ ತಿಳಿ ಬೂದಾಯಿತು. ತಿಳಿ ಬೂದು ನೆರಳಿನಂತೆ ಕಂಡಿತು.

ಏನು ಹೋಗುತ್ತದೆ, ಏನು ಉಳಿಯುತ್ತದೆ

ಗುಡವಿಯ ಹಕ್ಕಿಗಳನ್ನೇ ಒಂದೊಂದಾಗಿ ನೋಡೋಣ. ಬಿಳಿ ಕೆಂಬರಲು ಹಾರುವಾಗ ಅದರ ಬಾಗಿದ ಕೊಕ್ಕು, ಕಪ್ಪು ತಲೆ, ಬಿಳಿ ರೆಕ್ಕೆ ಕಪ್ಪು-ಬಿಳುಪಿನಲ್ಲಿ ಎಷ್ಟು ಚೆನ್ನಾಗಿ ಬರುತ್ತವೆಂದರೆ, ಬಣ್ಣ ಬೇಕೆನಿಸುವುದೇ ಇಲ್ಲ. ನೀರಿನ ಮೇಲೆ ಬರಿಯ ಕತ್ತು ಎತ್ತಿ ಈಜುವ ಹಾವಕ್ಕಿಯೂ ಹಾಗೆಯೇ. ಅದರ ಗುರುತೆಲ್ಲ ಗೆರೆಯಲ್ಲಿದೆ. ಆದರೆ ಗೂಡಿನ ಕಾಲದಲ್ಲಿ ಕೆಂಬರಲಿನ ರೆಕ್ಕೆಯಡಿ ಕಾಣುವ ಬೋಳು ಚರ್ಮದ ಪಟ್ಟಿ ಕೆಂಪೇರುತ್ತದೆ. ಇರುಳು ಬಕದ ಕಣ್ಣು ಮಾಣಿಕ್ಯದಂತೆ ಕೆಂಪು. ನೇರಳೆ ಜಂಬುಕೋಳಿಗೆ ಹೆಸರೇ ಬಣ್ಣದ್ದು. ಇವನ್ನು ಬೂದು ಮಾಡಿದರೆ ಹಕ್ಕಿಯ ವಯಸ್ಸು, ಋತು, ಕೆಲವೊಮ್ಮೆ ಜಾತಿಯನ್ನೇ ಹೇಳುವ ಗುರುತು ಹೋಗುತ್ತದೆ.

ಹಾಗೆಂದು ಬಣ್ಣದ ಚಿತ್ರವೇ ಪೂರ್ಣ ಸತ್ಯ ಎಂದೂ ತಿಳಿಯಬೇಡಿ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಕೋಶಗಳಿವೆ. ಹಕ್ಕಿಗಳಿಗೆ ನಾಲ್ಕು. ಹಲವು ಹಕ್ಕಿಗಳು ನೇರಳಾತೀತ ಕಿರಣಗಳನ್ನೂ ಕಾಣುತ್ತವೆ. ನಮಗೆ ಒಂದೇ ಬಿಳಿಯಾಗಿ ಕಾಣುವ ಗರಿ ಹಕ್ಕಿಯ ಕಣ್ಣಿಗೆ ಹೇಗಿರುತ್ತದೆಯೋ ನಮ್ಮ ಯಾವ ಮುದ್ರಣವೂ ತೋರಿಸಲಾರದು. ಜಿಂಕೆಗೆ ಇರುವುದು ಎರಡೇ ಬಗೆಯ ಕೋಶಗಳು. ಹುಲಿಯ ಕಿತ್ತಳೆ ಅದಕ್ಕೆ ಹಸಿರಿನಿಂದ ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಹುಲ್ಲಿನ ನಡುವೆ ನಿಂತ ಹುಲಿಯ ಕಪ್ಪು-ಬಿಳುಪು ಚಿತ್ರ, ಜಿಂಕೆಗೆ ಹುಲಿ ಏಕೆ ಕಾಣುವುದಿಲ್ಲ ಎಂಬುದನ್ನು ಬಣ್ಣದ ಚಿತ್ರಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ಬಣ್ಣ ಕಳೆದುಕೊಂಡಾಗಲೇ ಒಂದು ಸತ್ಯ ಹೊಳೆಯುವುದೂ ಉಂಟು.

ಆಯ್ಕೆ ಹಿಂದಕ್ಕೆ ಸರಿದಾಗ

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಚರಿತ್ರೆಯಲ್ಲಿ ದೊಡ್ಡ ತಿರುವು ಉಂಟಾಯಿತು. ಇಂದಿನ ಬಹುತೇಕ ಕ್ಯಾಮೆರಾ, ಮೊಬೈಲುಗಳ ಒಳಗಿರುವ ಸಂವೇದಕದ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಗಳ ಒಂದು ಜಾಲವಿದೆ. ಕೊಡ್ಯಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಇದರ ಪೇಟೆಂಟ್ ದೊರೆಯಿತು. ಜಾಲದ ಅರ್ಧದಷ್ಟು ಚೌಕಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಮತ್ತೆ ಹಸಿರಿಗೇ ಹೆಚ್ಚು ಪಾಲು, ನೋಡಿದಿರಾ? ಹೀಗೆ ಬಣ್ಣದಲ್ಲಿ ದಾಖಲಾದ ಚಿತ್ರವನ್ನು ಆಮೇಲೆ, ಮನೆಯಲ್ಲಿ ಕುಳಿತು, ಬೇಕಾದ ಬಗೆಯ ಕಪ್ಪು-ಬಿಳುಪು ಮಾಡಬಹುದು. ಹಿಂದೆ ಲೆನ್ಸಿನ ಮುಂದೆ ಇಡುತ್ತಿದ್ದ ಕೆಂಪು, ಹಳದಿ ಗಾಜಿನ ಕೆಲಸವನ್ನು ಈಗ ಗಣಕಯಂತ್ರ ಚಿತ್ರ ತೆಗೆದ ನಂತರ ಮಾಡುತ್ತದೆ.

ಹಿಂದೆ ಕಾಡಿಗೆ ಹೋಗುವ ಮೊದಲೇ ಆಗುತ್ತಿದ್ದ ಆಯ್ಕೆ ಈಗ ಕಾಡಿನಿಂದ ಬಂದ ಮೇಲೆ ಆಗುತ್ತಿದೆ. ಹಕ್ಕಿ ಎದುರಿಗಿಲ್ಲ. ಇರುವುದು ನಮ್ಮ ನೆನಪು, ನಮ್ಮ ಮನಸ್ಸಿನ ಹದ. ಅಪಾಯ ಇಲ್ಲಿದೆ. ಬಣ್ಣದಿಂದ ಕಪ್ಪು-ಬಿಳುಪಿಗೆ ಹೋಗುವ ದಾರಿ ಇದೆ. ಅಲ್ಲಿಂದ ಮರಳುವ ದಾರಿ ಇಲ್ಲ. ಎರಡು ಬಣ್ಣಗಳು ಒಂದೇ ಬೂದಾದ ಮೇಲೆ ಅದು ಕೆಂಪಾಗಿತ್ತೋ ಹಸಿರಾಗಿತ್ತೋ ಹೇಳುವವರು ಯಾರು? ಹಳೆಯ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಭಾವಚಿತ್ರಕ್ಕೆ ಕುಂಚದಿಂದ ಬಣ್ಣ ತುಂಬುತ್ತಿದ್ದರು. ಅಜ್ಜಿಯ ಸೀರೆ ಚಿತ್ರದಲ್ಲಿ ಹಸಿರಾದದ್ದು ಬಣ್ಣ ಹಚ್ಚಿದವನ ಇಷ್ಟ. ಇಂದು ಗಣಕಯಂತ್ರವೂ ಹಳೆಯ ಚಿತ್ರಗಳಿಗೆ ಬಣ್ಣ ತುಂಬುತ್ತದೆ. ಅದೂ ಊಹೆಯೇ. ಅಜ್ಜಿಯ ಸೀರೆಗೆ ಊಹೆ ನಡೆದೀತು. ಹಕ್ಕಿಯ ದಾಖಲೆಗೆ ನಡೆಯದು.

ಅಂತರರಾಷ್ಟ್ರೀಯ ಸಂಸ್ಥೆಗಳೂ ಈ ಬಗ್ಗೆ ಯೋಚಿಸಿವೆ. 2014ರಲ್ಲಿ ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಮೂರು ಪ್ರಮುಖ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರಂತೆ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಒರೆಸುವಂತಿಲ್ಲ. ಆದರೆ ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಮಾಡಬಹುದು. ಬಣ್ಣ ತೆಗೆಯುವುದನ್ನು ಅವರು ಸುಳ್ಳೆಂದು ಎಣಿಸಲಿಲ್ಲ. ನಾನೂ ಎಣಿಸುವುದಿಲ್ಲ. ಆದರೆ ನಿಯಮದಲ್ಲಿ ಅನುಮತಿ ಇದ್ದಮಾತ್ರಕ್ಕೆ ಎಲ್ಲ ಚಿತ್ರಕ್ಕೂ ಅದು ತಕ್ಕುದೆಂದು ಅರ್ಥವಲ್ಲ.

ಬಾಳಿಕೆಯ ಮಾತು

ಇನ್ನೊಂದು ವಿಷಯವನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಉಳಿಯುವುದು ಬೆಳ್ಳಿಯ ಕಣಗಳಲ್ಲಿ. ಸರಿಯಾಗಿ ಸಂಸ್ಕರಿಸಿ ಇಟ್ಟರೆ ಅದು ತಲೆಮಾರುಗಳ ಕಾಲ ಬಾಳುತ್ತದೆ. ಬಣ್ಣದ ಫಿಲ್ಮಿನಲ್ಲಿ ಉಳಿಯುವುದು ರಾಸಾಯನಿಕ ವರ್ಣದ್ರವ್ಯ. ಅದು ಕಾಲಕ್ರಮದಲ್ಲಿ ಮಾಸುತ್ತದೆ. ಹಳೆಯ ಬಣ್ಣದ ಮದುವೆಯ ಫೋಟೋಗಳು ಕೆಂಪಗೆ ತಿರುಗಿರುವುದನ್ನು ನೀವು ನೋಡಿರಬಹುದು. ಇದರ ಮೇಲೆ ಮಲೆನಾಡಿನ ತೇವ, ಬೂಷ್ಟು ಬೇರೆ. ಕೊಡ್ಯಾಕ್ರೋಮ್ ಕತ್ತಲಲ್ಲಿ ಚೆನ್ನಾಗಿ ಬಾಳುತ್ತಿತ್ತು ಎಂಬ ಹೆಸರಿತ್ತು. ಆದರೆ ಅದರ ತಯಾರಿಕೆ 2009ರಲ್ಲಿ ನಿಂತಿತು. ಡಿಜಿಟಲ್ ಕಡತ ಮಾಸುವುದಿಲ್ಲ ನಿಜ. ಆದರೆ ಒಂದು ಡಿಸ್ಕ್ ಕೆಟ್ಟರೆ ಒಂದು ಋತುವೇ ಹೋಗುತ್ತದೆ. ಮೂಲ ಕಡತವನ್ನು ಎರಡು ಕಡೆ ಇಡುವುದು ಈ ಕಾಲದ ಕತ್ತಲೆಕೋಣೆಯ ಶಿಸ್ತು.

ನೀವೇ ಮಾಡಿ ನೋಡಿ

ಈ ಪಾಠಕ್ಕೆ ಗುಡವಿಗೇ ಹೋಗಬೇಕಾಗಿಲ್ಲ. ನಿಮ್ಮ ಊರಿನ ಕೆರೆ ಏರಿ, ಶಾಲೆಯ ಹಿತ್ತಲು ಸಾಕು. ಒಂದು ಮಡಿವಾಳ ಹಕ್ಕಿಯ, ಒಂದು ಪಿಕಳಾರದ ಚಿತ್ರ ತೆಗೆಯಿರಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಎರಡನ್ನೂ ಕಪ್ಪು-ಬಿಳುಪಿಗೆ ಬದಲಿಸಿ, ಹಕ್ಕಿಯನ್ನು ಕಾಣದ ಗೆಳೆಯರಿಗೆ ತೋರಿಸಿ. ಮಡಿವಾಳದಿಂದ ಹೆಚ್ಚೇನೂ ಕಳೆದುಹೋಗಿರುವುದಿಲ್ಲ. ಪಿಕಳಾರದ ಬಾಲದ ಬುಡದ ಕೆಂಪು ಎಲ್ಲಿದೆ ಎಂದು ಕೇಳಿ. ಅವರ ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ; ಜೊತೆಗೆ ದಿನ, ಸ್ಥಳ, ಬೆಳಕು ಹೇಗಿತ್ತು ಎಂಬುದನ್ನೂ.

ನಾನು ಆ ವಿದ್ಯಾರ್ಥಿನಿಗೆ ಉತ್ತರ ಬರೆದೆ. ಪುಣ್ಯಕ್ಕೆ ಮೂಲ ದೃಶ್ಯಗಳು ಬಣ್ಣದಲ್ಲೇ ಉಳಿದಿದ್ದವು. ಮರುಪ್ರಸಾರದ ಹೊತ್ತಿಗೆ ಕೆಂಬರಲುಗಳು ಮಳೆಯಲ್ಲಿ ಹಾರುವ ಭಾಗವನ್ನು ಕಪ್ಪು-ಬಿಳುಪಿನಲ್ಲೇ ಬಿಟ್ಟೆ, ಅಲ್ಲಿ ಹೇಳಬೇಕಾದದ್ದು ರೆಕ್ಕೆಯ ಮಾತು. ಗೋವಕ್ಕಿಯ ಭಾಗಕ್ಕೆ ಬಣ್ಣವನ್ನು ಮರಳಿಸಿದೆ. ಎಲ್ಲ ಬೂದಾದ ಆ ಬೆಳಗಿನಲ್ಲಿ ತಿಳಿ ಕಿತ್ತಳೆಯ ಗರಿ ಅಷ್ಟೇ ಇತ್ತು. ಅಷ್ಟೇ ಸಾಕಾಗಿತ್ತು.